ಗೊರಗೊರದ ಕೆಳಗೆ

ಮತ್ತೆ ಶುರುವಾಯಿತು, ಗೊರಗೊರ, ಕಿವಿಯೊಳಗೆ ಯಾರೋ ಮರಳು ಜರಡಿ ಹಿಡಿದ ಹಾಗೆ, ಕೋದಂಡಪ್ಪ ಹೆಡ್‌ಫೋನನ್ನು ಇನ್ನೂ ಒತ್ತಿಕೊಂಡ — ಗಡಿಯಾರ ನೋಡಬೇಕಾಗಿಲ್ಲ, ಸಂಜೆ ಏಳು, ಪಕ್ಕದ ಮನೆಯ ವರಲಕ್ಷ್ಮಮ್ಮ ಟಿವಿ ಹಾಕಿದಳು, ಗೋಡೆಯಾಚೆ ಧಾರಾವಾಹಿಯ ಅತ್ತೆ ಅಳತೊಡಗುತ್ತಾಳೆ, ಈಚೆ ತನ್ನ ಹ್ಯಾಮ್ ರೇಡಿಯೊದಲ್ಲಿ, ಊರಿಂದೂರಿಗೆ ಮಾತು ಕಳಿಸಿ ತರಿಸುವ ಆ ಪೆಟ್ಟಿಗೆಯಲ್ಲಿ, ಸರಿಯಾಗಿ ಏನೂ ಕೇಳದಂತಾಗುತ್ತದೆ. ಬೂದಿಕೋಟೆಯಲ್ಲಿ ಯಾರ ಮನೆಯಲ್ಲಿ ಟಿವಿ ಇಲ್ಲ, ಆದರೆ ಹೋದ ಯುಗಾದಿಗೆ ಬಂದ ಈ ಒಂದು ಟಿವಿ, ಅದರ ಅಡಾಪ್ಟರೋ ಏನು ದರಿದ್ರವೋ, ಹಾಕಿದೊಡನೆ ರೇಡಿಯೊ ಕೆಡಿಸುತ್ತದೆ, ಏರಿಯಲ್ ತಂತಿಯನ್ನು ತೆಂಗಿನಮರದಿಂದ ಬಿಚ್ಚಿ ಹುಣಸೆಮರಕ್ಕೆ ಕಟ್ಟಿದ್ದಾಯಿತು, ಅರ್ತಿಂಗಿಗೆ ಹೊಸ ಗುಂಡಿ ತೋಡಿದ್ದಾಯಿತು, ಚಿನ್ನದ ಗಣಿ ಮುಚ್ಚುವ ದಿನದವರೆಗೂ ಎಲೆಕ್ಟ್ರಿಷಿಯನ್ ಆಗಿದ್ದವನಿಗೆ ಒಂದು ಟಿವಿಯ ಬಾಯಿ ಮುಚ್ಚಿಸಲಾಗಲಿಲ್ಲ, ಥೂ. ಈ ಗೊರಗೊರದ ಕೆಳಗೆ ಎಲ್ಲೋ ಗಣಿಯ ಗೆಳೆಯ ಬಚ್ಚಪ್ಪ ಇದ್ದಾನೆ, ಮೈಸೂರು ಮೈನ್ಸ್ ಕಾಲೋನಿಯ ಆ ಸಣ್ಣ ಮನೆಯಲ್ಲಿ, ಗಣಿಯ ಧೂಳು ಎದೆಯಲ್ಲಿ ಕೂತು ಎರಡು ಮಾತಿಗೆ ಉಸಿರು ಸಾಲದವನು, ಬಾಯಿಮಾತು ಬಿಟ್ಟು ಮೋರ್ಸ್ ಕೀ ಅದುಮಿ ಚುಕ್ಕೆ ಗೆರೆಗಳ ಸದ್ದಿನಲ್ಲಿ ಮಾತಾಡುವವನು — ಬೆರಳಿಗೆ ಕೆಮ್ಮು ಬರಲ್ಲ ಕಣ್ಲಾ, ಅನ್ನುವವನು — ದಿನವೂ ಏಳಕ್ಕೆ, ಹದಿನೈದೇ ನಿಮಿಷ. ಫೋನ್ ಮಾಡಿದರೆ ಅವನ ಹೆಂಡತಿ ಅಮ್ಮಾಜಮ್ಮ ಎತ್ತಿ ಚೆನ್ನಾಗವ್ರೆ ಅಣ್ಣ ಅನ್ನುತ್ತಾಳೆ, ಅಷ್ಟೇ, ಅವಳಿಗೆ ಹೇಳದ್ದನ್ನು ಅವನು ಹೀಗೆ ಹೇಳುತ್ತಾನೆ, ಮಲಗಕ್ಕೆ ಭಯ ಆಗ್ತೈತೆ ಕೋದಂಡ, ಅಂತ ಮೊನ್ನೆ ಹೇಳಿದ್ದ, ನಿನ್ನೆ ಹೇಳಿದ್ದರಲ್ಲಿ ಅರ್ಧವನ್ನು ಈ ಗೊರಗೊರ ನುಂಗಿತು, ಇವತ್ತು ಒಂದಕ್ಷರವೂ ಇಲ್ಲ, ಏಳೂ ಹತ್ತು, ಏಳೂ ಹದಿನೈದು —

ಹೆಡ್‌ಫೋನ್ ಕಿತ್ತೆಸೆದು, ಚಪ್ಪಲಿಯೂ ಇಲ್ಲದೆ, ವರಲಕ್ಷ್ಮಮ್ಮನ ಬಾಗಿಲಲ್ಲಿ ನಿಂತಿದ್ದಾನೆ, ಆರ್ಸಮ್ಮ ಅದನ್ನ, ಎಷ್ಟು ಸಲ ಏಳ್ಬೇಕು ನಿನಗೆ, ಅವಳು ಮೂಲಂಗಿ ಹೆಚ್ಚುತ್ತಿದ್ದವಳು ಈಳಿಗೆಮಣೆ ಸರಿಸಿ ಎದ್ದಳು, ದಿನಾ ಬಂದು ಬೈತೀರಲ್ಲ ಅಣ್ಣ, ಬೆಳಗ್ಗೆ ನಾಕಕ್ಕೆದ್ದು ಹಸು ಕರೆದು, ಡೈರಿಗೆ ಹಾಕಿ, ಬಸ್ಸಲ್ಲಿ ಬಂಗಾರಪೇಟೆಗೆ ಕೆಲಸಕ್ಕೋಗಿ ಬಂದೋಳಿಗೆ ಇರೋದೇ ಇದೊಂದು ಗಂಟೆ, ಅದೂ ನಿಮ್ಮ ಆಟದ ಸಾಮಾನಿಗೆ ಬಿಟ್ಕೊಡ್ಬೇಕಾ? ಆಟದ ಸಾಮಾನು. ಎಂದೂ ಹೇಳದ್ದು ಬಾಯಿಗೆ ಬಂತು, ಬಚ್ಚಪ್ಪಂಗೆ ಮಾತು ನಿಂತೋಗೈತೆ ಕಣಮ್ಮ, ಇದರಲ್ಲೇ ಅವನು ಮಾತಾಡೋದು, ನಿನ್ನ ಟಿವೀಲಿ ನಂಗೆ ಕೇಳಲ್ಲ — ಅವಳು ತಿರುಗಿ ಸ್ವಿಚ್ ಆರಿಸಿಬಿಟ್ಟಳು, ಅಷ್ಟು ಸುಲಭಕ್ಕೆ, ಪ್ಲಗ್ಗನ್ನೂ ಕಿತ್ತಳು. ಮೊದ್ಲೇ ಏಳ್ಬಾರ್ದಾ ಅಣ್ಣ, ಆರ್ಸು ಆರ್ಸು ಅಂದ್ರಿ, ಯಾಕೆ ಅಂತ ಒಂದಿನಾನಾದ್ರೂ ಏಳಿದ್ರಾ? ಇಲ್ಲ, ಹೇಳಿರಲಿಲ್ಲ, ಯುಗಾದಿಯಿಂದ ಬೈದಿದ್ದೇ ಬೈದಿದ್ದು, ಕೇಳಿಕೊಳ್ಳಲು ನಾಲಿಗೆ ಏಳಲಿಲ್ಲ, ಏನು ಬಿಗುಮಾನ, ಯಾರ ಮೇಲೆ —

ಓಡಿ ಬಂದು ಹೆಡ್‌ಫೋನ್ ಹಾಕಿಕೊಂಡ. ಗೊರಗೊರ ಇಲ್ಲ. ಅದು ಇದ್ದ ಜಾಗದಲ್ಲಿ ಸಣ್ಣಗೆ ಒಂದೇ ನಾದ, ಕುಯ್ಯ್ ಅಂತ, ಚುಕ್ಕೆಯಿಲ್ಲ, ಗೆರೆಯಿಲ್ಲ, ತುಂಡಾಗುತ್ತಿಲ್ಲ, ಯಾರೋ ಕೀ ಅದುಮಿ ಕೈ ಎತ್ತಲು ಮರೆತ ಹಾಗೆ — ಮರೆತ ಹಾಗೆ ಅಲ್ಲ — ಬಚ್ಚಪ್ಪ, ಕೈ ಎತ್ತೋ, ಎತ್ಲಾ — ಫೋನಿಗೆ ತಡಕಾಡಿದ, ಅಮ್ಮಾಜಮ್ಮ, ಅವನೆಲ್ಲಿ? ಒಳಗವ್ರೆ ಅಣ್ಣ, ನಿಮ್ ಜೊತೇಲೇ ಅಲ್ವಾ ಮಾತಾಡ್ತಿರೋದು? ಓಗಮ್ಮ, ಓಗಿ ನೋಡು ಬೇಗ. ಒಂದು ಕಿವಿಯಲ್ಲಿ ಅವಳ ಹೆಜ್ಜೆ, ಬಾಗಿಲು, ರೀ, ರೀ, ಇನ್ನೊಂದು ಕಿವಿಯಲ್ಲಿ ಆ ನಾದ, ಯಾವಾಗಿನಿಂದ, ತಾನು ಅಲ್ಲಿ ಕೂಗಾಡುತ್ತಿದ್ದಾಗಲೂ ಇತ್ತೇ, ಏಳೂ ಹತ್ತಕ್ಕೂ ಇತ್ತೇ, ಗೊರಗೊರದ ಕೆಳಗೆ ಇದೇ ಇತ್ತೇ — ಟಕ್ಕನೆ ನಿಂತಿತು. ಅವಳು ಕೀಯಿಂದ ಅವನ ಕೈ ಎತ್ತಿದಳು. ಕೈ ತಣ್ಣಗಾಗೈತೆ ಅಣ್ಣ, ಅಂದಳು. ಹೆಡ್‌ಫೋನಿನಲ್ಲಿ ಈಗ ಏನೂ ಇಲ್ಲ, ಇಷ್ಟು ಸ್ವಚ್ಛವಾಗಿ ಯಾವತ್ತೂ ಕೇಳಿರಲಿಲ್ಲ, ಆ ಕೈ, ಕೀಯ ಮೇಲೆ ಬಿದ್ದ ಆ ಕೈ, ಎಷ್ಟು ಹೊತ್ತು, ಕೀಯ ಮೇಲೆ, ಆ ಕೈ