ಮೇಲಕ್ಕೆ ಹಾರುವ ಚೌಕ

2002ನೇ ಇಸವಿ. ಬೇಲೂರಿನ ಛತ್ರದಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ನನ್ನ ಪಾಲಿಗೆ ಬಂದದ್ದು ಕಂಪ್ಯೂಟರಿನ ಮೇಜು. ಕಾಲೇಜಿನಲ್ಲಿ ಪಾಠ ಹೇಳುವುದು ಬಿಟ್ಟು ವರ್ಷಗಳಾಗಿದ್ದವು, ಕೈ ನಡುಗಲು ಶುರುವಾಗಿತ್ತು. ಉಳಿದ ಸ್ವಯಂಸೇವಕರೆಲ್ಲ ಒಳಗೆ ಕಣ್ಣಿಗೆ ಔಷಧ ಬಿಡುತ್ತಿದ್ದರು. ಪರದೆಯ ಪಟ್ಟಿಯಲ್ಲಿ ಪೊರೆ ಬಂದವರ ಹೆಸರು ಹುಡುಕಿ, ಚೀಟಿ ಅಚ್ಚು ಮಾಡಿ ಕೊಡುವುದು ನನ್ನ ಕೆಲಸ. ಅಚ್ಚಾದ ಚೀಟಿ ಇಲ್ಲದಿದ್ದರೆ ಹಾಸನದ ಆಸ್ಪತ್ರೆಯವರು ಸೇರಿಸಿಕೊಳ್ಳುತ್ತಿರಲಿಲ್ಲ.

ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯಂತೆ ಊರಿನ ಕ್ರಮದಲ್ಲಿತ್ತು. ಅರಸೀಕೆರೆ ಮುಗಿದು, ಬೇಲೂರಿನ ಉದ್ದ ಸಾಲು ದಾಟಿದರೆ ಬಿಕ್ಕೋಡು. ಅಲ್ಲಿಗೆ ಇಳಿಯಲು ಬಲಗಡೆಯ ಕಿರಿದಾದ ಪಟ್ಟೆಯಲ್ಲಿರುವ ಪುಟ್ಟ ಚೌಕವನ್ನು ಮೌಸಿನಿಂದ ಹಿಡಿದು ಕೆಳಗೆಳೆಯಬೇಕು. ಎಳೆಯುವಾಗ ಬಾಣದ ಗುರುತು ಪಕ್ಕಕ್ಕೆ ಜಾರಿತೋ, ಚೌಕ ಮೇಲಕ್ಕೆ ಹಾರಿ ಮತ್ತೆ ಅರಸೀಕೆರೆಯಲ್ಲಿ ಕೂರುತ್ತಿತ್ತು.

ಎದುರಿಗೆ ಬಿಕ್ಕೋಡಿನ ದೇವೀರಮ್ಮ ನಿಂತಿದ್ದರು. ಎಸ್ಟೇಟಿನಲ್ಲಿ ಕಾಫಿ ಕೊಯ್ಯುವವರು, ಎರಡೂ ಕಣ್ಣು ಮಸುಕು. ಹೊರಗೆ ಹಾಸನದ ವ್ಯಾನು ಹೊರಡಲು ನಿಂತಿತ್ತು.

“ಬಿಕ್ಕೋಡಿನಲ್ಲಿ ದೇವೀರಮ್ಮ ಅಂತ ಬಹಳ ಜನ ಇದ್ದಾರೆ. ಯಜಮಾನರ ಹೆಸರು ಹೇಳಿ” ಎಂದೆ.

“ಅಯ್ಯೋ, ಅದೆಂಗೆ ಹೇಳ್ಲವ್ವಾ? ನಮ್ ಭೀಮರಾಜನ ಅಪ್ಪ ಅಂತ ಬರ್ಕೊಳ್ಳಿ.”

ಚೀಟಿಯ ಸಾಲಿನಲ್ಲಿ ಹಿಂದೆ ನಿಂತಿದ್ದ ಬಸಮ್ಮ ನಕ್ಕಳು. “ದ್ಯಾವಯ್ಯ ಕಣ್ರವ್ವಾ! ಈಯಮ್ಮ ಸತ್ರೂ ಹೇಳಾಕಿಲ್ಲ.”

“ನಿನ್ ಗಂಡನ ಹೆಸರು ಹೇಳೇ ನೋಡಾನ” ಎಂದರು ದೇವೀರಮ್ಮ. ಬಸಮ್ಮ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಂಡನ ಹೆಸರು ಸಿಕ್ಕಿತು, ಚೌಕ ಸಿಗಲಿಲ್ಲ. ಎಳೆದೆ, ಜಾರಿತು. ಉಸಿರು ಹಿಡಿದು ಎಳೆದೆ. ಬೇಲೂರು ಮುಗಿಯುವ ಹೊತ್ತಿಗೆ ಕೈ ಅಲುಗಿತು, ಮತ್ತೆ ಅರಸೀಕೆರೆ. ಕೀಲಿಮಣೆಯ ಬಾಣಗಳನ್ನು ಒತ್ತಿದರೆ ಪಟ್ಟಿ ಅಲ್ಲಾಡಲಿಲ್ಲ. ಛತ್ರದ ಫೋನಿನಿಂದ ಅರಸೀಕೆರೆಯ ಇಂದ್ರೇಶನಿಗೆ ಮಾಡಿದೆ. ಈ ಪ್ರೋಗ್ರಾಂ ಬರೆದವನು ಅವನೇ.

“ಹೋದ ಸಲ ಯಾರೋ ಕೀ ಒತ್ತಿ ಬೇರೆಯವರ ಚೀಟಿ ಕೊಟ್ಟುಬಿಟ್ರಲ್ಲ ಮೇಡಂ, ಅದಕ್ಕೇ ಕೀ ಕೆಲಸ ಮಾಡದ ಹಾಗೆ ಮಾಡಿಬಿಟ್ಟೆ. ಚೌಕ ಎಳೀರಿ, ಸಾಕು.”

“ಎಳೆದರೆ ನಿಲ್ಲೋದಿಲ್ಲವಲ್ಲಪ್ಪ.”

“ನನ್ನ ಅಂಗಡೀಲಿ ಚೆನ್ನಾಗಿ ಓಡ್ತಿದೆ ಮೇಡಂ. ಮೌಸನ್ನ ನೆಟ್ಟಗೆ ಹಿಡೀಬೇಕು ಅಷ್ಟೇ.”

“ನಿನ್ನ ಕೈಯನ್ನೂ ಕಳಿಸಿಕೊಡಬೇಕಿತ್ತು” ಎಂದು ಫೋನ್ ಇಟ್ಟೆ. ಯಾರ ಮೇಲೂ ಹಾಗೆ ರೇಗುವವಳಲ್ಲ ನಾನು. ಅವತ್ತು ಆ ಮೌಸನ್ನು ಎತ್ತಿ ಅಂಗಳಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಡ್ರೈವರ್ ಉಗ್ರಪ್ಪ ಬಾಗಿಲಿಗೆ ಬಂದ. “ಅಮ್ಮಾ, ಆಸ್ಪತ್ರೆ ಬಾಗ್ಲು ಹಾಕ್ಬಿಡ್ತಾರೆ. ಚೀಟಿ ಇದ್ದೋರನ್ನ ಕರ್ಕೊಂಡು ಹೊಂಟೆ.”

“ಇನ್ನೊಂದು ಚೂರು ನಿಲ್ಲಪ್ಪ.”

ಮತ್ತೆ ಎಳೆದೆ. ಮತ್ತೆ ಹಾರಿತು. ನನಗೆ ಅಳುವೇ ಬಂತು. ಈ ಸಲ ತಪ್ಪಿದರೆ ದೇವೀರಮ್ಮ ಮುಂದಿನ ಶಿಬಿರದವರೆಗೂ ಗೋಡೆ ಹಿಡಿದೇ ನಡೆಯಬೇಕಿತ್ತು.

ದೇವೀರಮ್ಮ ಮೇಜಿನ ಅಂಚು ತಡವುತ್ತಾ ನನ್ನ ಪಕ್ಕಕ್ಕೆ ಬಂದರು. “ಕೈ ನಡುಗ್ತೈತಾ ಅವ್ವಾ? ನಮ್ಮತ್ತೆಗೂ ಹಿಂಗೇ ಇತ್ತು. ಊಟಕ್ಕೆ ಕೂತಾಗ ನಾನೇ ಹಿಡ್ಕೊಂತಿದ್ದೆ” ಎಂದು ನನ್ನ ಮಣಿಕಟ್ಟನ್ನು ಹಿಡಿದರು. ಒರಟು ಅಂಗೈ, ಮೆತ್ತಗಿನ ಹಿಡಿತ. “ಎತ್ಲಾಗೆ ಹೋಗ್ಬೇಕು ಹೇಳಿ.”

“ನೆಟ್ಟಗೆ ಕೆಳಕ್ಕೆ.”

ಇಬ್ಬರೂ ಸೇರಿ ಇಳಿದೆವು. ಅರಸೀಕೆರೆ ಹೋಯಿತು, ಬೇಲೂರು ಹೋಯಿತು. “ನಿಲ್ಲಿ” ಎಂದೆ. ದೇವೀರಮ್ಮ, ದ್ಯಾವಯ್ಯ, ಬಿಕ್ಕೋಡು. ಒತ್ತಿದೆ. ಪ್ರಿಂಟರು ಕಿರುಗುಟ್ಟುತ್ತಾ ಚೀಟಿಯನ್ನು ಹೊರಗೆ ತಳ್ಳಿತು. ಉಗ್ರಪ್ಪ ದೇವೀರಮ್ಮನ ಗಂಟನ್ನು ತಾನೇ ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿಟ್ಟ.

ಪರದೆಯತ್ತ ತಿರುಗಿದೆ. ಚೀಟಿ ಅಚ್ಚಾದ ಕೂಡಲೇ ಪಟ್ಟಿ ತಾನಾಗಿಯೇ ಮತ್ತೆ ಮೊದಲಿಗೆ ಹೋಗಿತ್ತು. ಅರಸೀಕೆರೆ.

“ನಂದೂ ಬಿಕ್ಕೋಡೇ ಕಣ್ರವ್ವಾ” ಎಂದಳು ಬಸಮ್ಮ, ಸಣ್ಣ ದನಿಯಲ್ಲಿ.

ಹೊರಗೆ ಉಗ್ರಪ್ಪ ಹಾರನ್ ಬಾರಿಸಿದ. “ದೇವೀರಮ್ಮಾ, ಬತ್ತೀಯೋ ಬಿಟ್ಟು ಹೋಗ್ಲೋ?”

ಚೀಟಿ ಹಿಡಿದು ಹೊಸ್ತಿಲು ತಡವುತ್ತಿದ್ದ ದೇವೀರಮ್ಮ ನಿಂತರು. ಆಮೇಲೆ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಜನ್ನು ಹುಡುಕುತ್ತಾ ಹಿಂದಕ್ಕೆ ಬಂದು, ನನ್ನ ಮಣಿಕಟ್ಟನ್ನು ಮತ್ತೆ ಹಿಡಿದರು.

“ತಡ್ಕಳಪ್ಪಾ, ಈಯಮ್ಮನ ಕೈ ಇನ್ನೂ ನನ್ ಕೈಲೈತೆ” ಎಂದು ಕೂಗಿದರು.