ಹಾಡಿನ ಬಗ್ಗೆ ಎರಡು ಮಾತು

ನಮ್ಮ ವಾರ್ಡಿನಲ್ಲಿ ಒಂಬತ್ತು ಕುರ್ಚಿಗಳಿವೆ. ಒಂಬತ್ತರಲ್ಲೂ ಕೂತವರಿಗೆ ನನ್ನ ಮಗಳ ಹಾಡಿನ ಬಗ್ಗೆ ಒಂದೊಂದು ಅಭಿಪ್ರಾಯವಿತ್ತು. ಕೂತವರು ಅಂದೆ, ಕಟ್ಟಿಹಾಕಿದವರು ಅನ್ನಬೇಕು. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು, ಒಂದು ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು ಇಲ್ಲಿ ಒರಗಿರುತ್ತಾರೆ. ರಕ್ತ ಒಂದು ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ, ತೊಳೆದುಕೊಂಡು, ಇನ್ನೊಂದರಲ್ಲಿ ವಾಪಸು ಬರುತ್ತದೆ. ಸೂಜಿ ಚುಚ್ಚುವವನೂ ಯಂತ್ರ ನೋಡಿಕೊಳ್ಳುವವನೂ ನಾನೇ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎದ್ದು ಹೋಗಲಾಗದ ಇಂಥ ಕೇಳುಗರು ಬೇರೆ ಯಾವ ಗಾಯಕಿಗೆ ಸಿಗುತ್ತಾರೆ ಹೇಳಿ.

ಹಾಡು ಎಂದರೆ ಈಗಿನ ಕಾಲದ ಹಾಡು. ಯಾವುದೋ ಹಳೆಯ ಪ್ರಾರ್ಥನೆಯ ನಾಲ್ಕು ಸಾಲು ತೆಗೆದುಕೊಂಡು, ಅದಕ್ಕೆ ಡ್ರಮ್ಮು, ಗಿಟಾರು, ಹಿಂದೆ ಸಮುದ್ರದ ಮೊರೆತ ಸೇರಿಸಿ ಏಳು ನಿಮಿಷ ಸುತ್ತಿಸಿದ್ದರು. ಅತ್ತ ಪಠಣವೂ ಅಲ್ಲ, ಇತ್ತ ಪಾಪ್ ಕೂಡ ಅಲ್ಲ. ಆ ಸಾಲುಗಳ ಅರ್ಥ ಹಾಡಿದ ನನ್ನ ಮಗಳಿಗೇ ಗೊತ್ತಿರಲಿಲ್ಲ. ಒಂದು ಸುತ್ತು ಮುಗಿದಾಗಲೆಲ್ಲ ಸಣ್ಣದೊಂದು ಕಂಚಿನ ಗಂಟೆ ಮೂರು ಸಲ ಬಡಿಯುತ್ತಿತ್ತು, ಟಿಂ, ಟಿಂ, ಟಿಂ. ಕೇಳುವವರ ಮನಸ್ಸು ತಿಳಿಯಾಗಲಿ ಅಂತ ಹಾಕಿದ್ದಂತೆ.

ಮಗಳು ಫಾರ್ಮಸಿ ಓದನ್ನು ಅರ್ಧಕ್ಕೆ ಬಿಟ್ಟು ಹಾಡುತ್ತೇನೆಂದು ಹೊರಟಾಗ ನಾನು ಆಡಬಾರದ ಮಾತು ಆಡಿದ್ದೆ. ಅವಳೂ ನನ್ನ ಮಗಳೇ ತಾನೇ, ಬಾಗಿಲು ಹಾಕಿಕೊಂಡು ಹೋದವಳು ಎರಡು ವರ್ಷ ತಿರುಗಿ ನೋಡಲಿಲ್ಲ. ಸಂಧಾನ ಮಾಡಿಸಲು ಅವಳ ಅಮ್ಮನೂ ಬದುಕಿರಲಿಲ್ಲ. ಒಂದು ದಿನ ನನ್ನ ಫೋನಿಗೆ ಈ ಹಾಡು ಬಂತು, ಕೆಳಗೊಂದು ಸಾಲು: "ಅಪ್ಪಾ, ನಿನ್ನ ಪೇಷಂಟ್‌ಗಳಿಗೆ ಕೇಳಿಸು. ಏನಂತಾರೋ ಇದ್ದದ್ದು ಇದ್ದ ಹಾಗೆ ಹೇಳು." ಆ 'ಅಪ್ಪಾ' ಓದಿ ಸ್ಟೋರ್ ರೂಮಿಗೆ ಹೋಗಿ ಸಲೈನ್ ಡಬ್ಬಗಳ ಮಧ್ಯೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮರುದಿನವೇ ಬಾಗಿಲ ಮೇಲಿನ ಸ್ಪೀಕರಿನಲ್ಲಿ ಹಾಡು ಶುರುವಾಯಿತು, ಮುಗಿದರೆ ಮತ್ತೆ ಮೊದಲಿಂದ. ಗ್ಲೌಸಿನ ಖಾಲಿ ಡಬ್ಬಿಗೆ ಸೀಳು ಮೊದಲೇ ಇರುತ್ತದೆ. 'ಹಾಡಿನ ಬಗ್ಗೆ ಎರಡು ಮಾತು ಬರೆಯಿರಿ' ಎಂದು ಅದರ ಮೇಲೆ ಅಂಟಿಸಿ ನರ್ಸಿನ ಮೇಜಿನ ಮೇಲಿಟ್ಟೆ. ಹಾಡಿದ್ದು ಯಾರೆಂದು ಯಾರಿಗೂ ಹೇಳಲಿಲ್ಲ.

ಎರಡು ಮಾತು ಕೇಳಿದರೆ ಜನ ಇಪ್ಪತ್ತು ಬರೆದರು. 'ನಿದ್ದೆ ಬರಿಸುತ್ತೆ, ಅದಕ್ಕೇ ಇಷ್ಟ' ಎಂದು ಬರೆದದ್ದು ಎರಡನೇ ಕುರ್ಚಿಯ ಟೈಲರಮ್ಮ. 'ಪ್ರಾರ್ಥನೆಗೆ ಡ್ರಮ್ಮು ಹೊಡೆದರೆ ದೇವರೂ ಕಿವಿ ಮುಚ್ಚಿಕೊಳ್ಳುತ್ತಾನೆ' ಎಂದು ಒಬ್ಬರು. 'ಧ್ವನಿ ಚೆನ್ನಾಗಿದೆ, ಮಿಕ್ಕಿದ್ದು ಲಿಫ್ಟಿನ ಸಂಗೀತ' ಎಂದು ಇನ್ನೊಬ್ಬರು. 'ನಾಲ್ಕು ತಾಸಿಗೆ ನಾಲ್ಕೇ ಸಾಲು. ಐದನೆಯದು ಇವರಿಗೆ ಸಿಗಲೇ ಇಲ್ಲವೇ?' ಎಂದು ಮತ್ತೊಬ್ಬರು. ಆರನೇ ಕುರ್ಚಿಯ ಡ್ರೈವರಣ್ಣ ಮೂವತ್ತು ವರ್ಷ ಬಸ್ ಓಡಿಸಿದವರು; ಅವರಿಗೆ ಹಾಡು ತಲೆಗೇರಿಬಿಟ್ಟಿತ್ತು. "ಸೌಂಡ್ ಸ್ವಲ್ಪ ಜಾಸ್ತಿ ಮಾಡಿ ಸಾರ್. ಆ ಹುಡುಗಿ ನಮಗೋಸ್ಕರಾನೇ ಹಾಡ್ತಿದಾಳೆ ಅನ್ಸುತ್ತೆ" ಎನ್ನುತ್ತಿದ್ದರು. ನಾನು ಸೌಂಡ್ ಜಾಸ್ತಿ ಮಾಡುತ್ತಿದ್ದೆ. ಮಗಳಿಗೆ ಕಳಿಸಿದ್ದು ಸಿಹಿ ಚೀಟಿಗಳನ್ನು ಮಾತ್ರ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಮಗಳು ಹೆಗ್ಗಣವೇನಲ್ಲ, ಚೆನ್ನಾಗಿಯೇ ಹಾಡಿದ್ದಳು, ಆದರೂ ಕಹಿ ಚೀಟಿಗಳನ್ನೆಲ್ಲ ಸೂಜಿ ಎಸೆಯುವ ಡಬ್ಬಕ್ಕೆ ಹಾಕಿದೆ.

ಏಳನೇ ಕುರ್ಚಿಯಲ್ಲಿ ಗಡಿಯಾರ ರಿಪೇರಿಯವರು ಇದ್ದರು. ಎಲ್ಲದರಲ್ಲೂ ಹುಳುಕು ಹುಡುಕುವ ಮನುಷ್ಯ. ಸೂಜಿ ಚುಚ್ಚಿದರೆ ಓರೆ, ಹೊದಿಕೆ ಕೊಟ್ಟರೆ ವಾಸನೆ, ಗೋಡೆ ಗಡಿಯಾರವಂತೂ ನಲವತ್ತು ಸೆಕೆಂಡು ಹಿಂದೆ. ಮೂರನೇ ವಾರ ಅವರ ಚೀಟಿ ಬಂತು. ಅಕ್ಷರ ಅಚ್ಚು ಹಾಕಿದ ಹಾಗಿತ್ತು: 'ಹಾಡಿನ ಗಂಟೆಗೂ, ಬಿಪಿ ಬಿದ್ದಾಗ ನಿಮ್ಮ ಯಂತ್ರ ಹೊಡೆದುಕೊಳ್ಳುವ ಸದ್ದಿಗೂ ಕೂದಲೆಳೆ ವ್ಯತ್ಯಾಸ. ಮೊದಲ ದಿನ ನೀವೂ ಸಿಸ್ಟರೂ ಪ್ರತಿ ಸಲ ತಿರುಗಿ ನೋಡುತ್ತಿದ್ದಿರಿ. ಈಗ ಇಬ್ಬರೂ ನೋಡುವುದಿಲ್ಲ. ಹಾಡು ನಿಲ್ಲಿಸಿ.'

ನಿಜವೇ. ಮೊದಲೆರಡು ದಿನ ಗಂಟೆ ಬಡಿದಾಗಲೆಲ್ಲ ಬೆಚ್ಚಿ ತಿರುಗುತ್ತಿದ್ದೆವು. ಎಲ್ಲ ಯಂತ್ರದ ಮೇಲೂ ಹಸಿರು ದೀಪ. ನಾನೂ ಸಿಸ್ಟರೂ ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. ಆಮೇಲೆ ನಮ್ಮ ಕುತ್ತಿಗೆಗಳು ಬುದ್ಧಿ ಕಲಿತವು. ಚೀಟಿ ಓದಿದಾಗ ನನಗೆ ಬಂದದ್ದು ಭಯವಲ್ಲ, ಸಿಟ್ಟು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಎಂದು ಗೊಣಗಿಕೊಂಡು ಅದನ್ನೂ ಡಬ್ಬಕ್ಕೆ ಹಾಕಿದೆ. ಎರಡು ದಿನ ಬಿಟ್ಟು ಅವರು ಬರುವಾಗಲೇ ಹತ್ತಿ ತಂದರು. ನನಗೆ ಕಾಣುವ ಹಾಗೆ ಎರಡೂ ಕಿವಿಗೆ ತುರುಕಿಕೊಂಡು ಮಲಗಿದರು. ಅಂದಿನಿಂದ ಬಂದಾಗಲೆಲ್ಲ ಹಾಗೇ.

ಮುಂದಿನ ವಾರ, ಬೆಳಗಿನ ಪಾಳಿ. ತೂಕ ನೋಡಿದರೆ ಡ್ರೈವರಣ್ಣನ ಮೈಯಲ್ಲಿ ನಾಲ್ಕು ಕೆಜಿ ನೀರು ಜಾಸ್ತಿ.

"ಏನ್ರೀ ಡ್ರೈವರೇ, ಟ್ಯಾಂಕ್ ಫುಲ್ ಮಾಡ್ಕೊಂಡು ಬಂದ್ಬಿಟ್ರಾ?"

"ಬಾಯಿ ಒಣಗುತ್ತೆ ಸಾರ್, ಏನ್ ಮಾಡ್ಲಿ? ನಮ್ಮನೆಯವಳು ಪಾಪ ಅಂತ ಎರಡು ಲೋಟ ಜಾಸ್ತಿ ಕೊಟ್ಳು."

ನಾಲ್ಕು ಕೆಜಿ ಹೆಚ್ಚೇ, ಆದರೆ ನಾವು ಕಾಣದ್ದೇನಲ್ಲ. ಯಂತ್ರ ರಕ್ತದಿಂದ ಅಷ್ಟು ನೀರು ಎಳೆಯುವಾಗ ಬಿಪಿ ದಿಢೀರನೆ ಬೀಳಬಹುದು. ಬಿದ್ದರೆ ಯಂತ್ರ ಮೂರು ಸಲ ಬಡಿದು ಹಳದಿ ದೀಪ ಹೊತ್ತಿಸುತ್ತದೆ; ಯಾರೂ ಮುಟ್ಟದಿದ್ದರೆ ಎರಡು ನಿಮಿಷಕ್ಕೊಮ್ಮೆ ಮತ್ತೆ ಮೂರು ಸಲ ಬಡಿಯುತ್ತದೆ. ಕಾಲು ಎತ್ತರಿಸಿ ಸಲೈನ್ ಬಿಟ್ಟರೆ ಐದು ನಿಮಿಷದಲ್ಲಿ ಮನುಷ್ಯ ಕಣ್ಣು ಬಿಟ್ಟು ಜೋಕು ಹೊಡೆಯುತ್ತಾನೆ. ಇದನ್ನು ಸಾವಿರ ಸಲ ಮಾಡಿದ್ದೇನೆ. ನಿದ್ದೆಗಣ್ಣಿನಲ್ಲೂ ಮಾಡಬಲ್ಲೆ.

ಸಿಸ್ಟರ್ ಟೈಲರಮ್ಮನ ಸೂಜಿ ಸರಿಮಾಡುತ್ತಿದ್ದರು. ನಾನು ಆರನೇ ಕುರ್ಚಿಗೆ ಬೆನ್ನು ಹಾಕಿ, ಮೇಜಿನ ಮುಂದೆ ಕೂತು, ಹೊಸ ಚೀಟಿಗಳನ್ನು ಮಗಳಿಗೆ ಕಳಿಸಲು ಫೋನಿನಲ್ಲಿ ಬರೆಯುತ್ತಿದ್ದೆ. ಡ್ರೈವರಣ್ಣನ ಚೀಟಿ ಕೈಯಲ್ಲಿತ್ತು: 'ಸರ್ವೀಸ್ ಆಗಿ ಬಂದ ಗಾಡಿಯಲ್ಲಿ ಖಾಲಿ ರೋಡಿನಲ್ಲಿ ಹೋದ ಹಾಗಿದೆ.' ಟಿಂ, ಟಿಂ, ಟಿಂ. ಈ ಮಾತು ಓದಿದರೆ ಮಗಳು ಎಷ್ಟು ಕುಣಿಯುತ್ತಾಳೋ ಎಂದು ನಕ್ಕೆ. ಮತ್ತೆ ಟಿಂ, ಟಿಂ, ಟಿಂ. ಸುತ್ತು ಇಷ್ಟು ಬೇಗ ಮುಗಿಯಿತೇ ಎಂದು ಒಂದು ಕ್ಷಣ ಅನಿಸಿತು. ಅನಿಸಿತು, ಅಷ್ಟೇ. ತಿರುಗಲಿಲ್ಲ.

ಕಿರುಚಿದವರು ಗಡಿಯಾರ ರಿಪೇರಿಯವರು. ನಿದ್ದೆಯಿಂದ ಎಚ್ಚತ್ತು ಕಣ್ಣು ಬಿಟ್ಟರೆ ಪಕ್ಕದಲ್ಲಿ ಹಳದಿ ದೀಪ. ಒಂದು ತೋಳು ಸೂಜಿಗೆ ಸಿಕ್ಕಿಬಿದ್ದಿತ್ತು, ಇನ್ನೊಂದರಿಂದ ಕಿವಿಯ ಹತ್ತಿ ಕಿತ್ತುಕೊಳ್ಳುತ್ತ ಕೂಗುತ್ತಿದ್ದರು. ನಾನು ಓಡಿದೆ. ಡ್ರೈವರಣ್ಣನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎದೆ ಒತ್ತಿದೆವು, ಡಾಕ್ಟರು ಬಂದರು, ಮುಕ್ಕಾಲು ತಾಸು ಗುದ್ದಾಡಿದೆವು. ಅಷ್ಟು ಹೊತ್ತೂ ಹಾಡು ನಡೆಯುತ್ತಲೇ ಇತ್ತು, ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಯಂತ್ರದ ದಾಖಲೆ ನೋಡಿದೆ. ಅದು ಹನ್ನೊಂದು ನಿಮಿಷ ನಮ್ಮನ್ನು ಕರೆದಿತ್ತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಡ್ರೈವರಣ್ಣನ ಹೆಂಡತಿಗೆ ವಿಷಯ ತಿಳಿಸಬೇಕಾದವನು ನಾನೇ ಆದೆ. "ನಿದ್ದೇಲೇ ಹೋಗ್ಬಿಟ್ರು ಅಮ್ಮಾ, ಹಾಡು ಕೇಳ್ತಾ ಕೇಳ್ತಾ" ಎಂದೆ. ಎಲ್ಲಿಂದ ಬಂತೋ ಆ ಮಾತು.

ವಿಚಾರಣೆ ಮೂರು ದಿನದಲ್ಲಿ ಮುಗಿಯಿತು. ವರದಿ ಎರಡೇ ಪುಟ. 'ರೋಗಿ ಮಿತಿ ಮೀರಿ ನೀರು ಸೇವಿಸಿದ್ದರು. ಯಂತ್ರದ ಅಲಾರಂ ಸರಿಯಾಗಿ ಕೆಲಸ ಮಾಡಿದೆ. ಸಿಬ್ಬಂದಿ ಹಾಜರಿದ್ದರು.' ಒಂದೊಂದು ವಾಕ್ಯವೂ ನಿಜ. ಹನ್ನೊಂದು ನಿಮಿಷದ ಸುದ್ದಿ ಎಲ್ಲೂ ಇಲ್ಲ, ಹಾಡಿನ ಸುದ್ದಿಯೂ ಇಲ್ಲ. ಏನಾದರೂ ಮಾಡಿದ ಹಾಗೆ ಕಾಣಬೇಕಲ್ಲ, ಸಿಸ್ಟರನ್ನು ಬೇರೆ ವಾರ್ಡಿಗೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಎತ್ತು ಬಾಯಿ ಬಿಡಲಿಲ್ಲ.

ಸ್ಪೀಕರ್ ಬಂದ್ ಆಯಿತು. ಮುಂದಿನ ಸರದಿಗೆ ಗಡಿಯಾರ ರಿಪೇರಿಯವರು ಬಂದು ಕುರ್ಚಿಯಲ್ಲಿ ಕೂತರು.

"ನನ್ನ ಚೀಟಿ ಓದಿದ್ರಾ?"

"ಓದಿದೆ."

"ಯಾವಾಗ?"

"ನೀವು ಹಾಕಿದ ದಿನಾನೇ."

ಅವರು ನನ್ನನ್ನು ಬೈಯಲಿಲ್ಲ. ತೋಳು ಮುಂದೆ ಚಾಚಿದರು. ಚಾಚದೆ ಏನು ಮಾಡುತ್ತಾರೆ? ವಾರಕ್ಕೆ ಮೂರು ದಿನ ನನ್ನ ಕೈಗೇ ಕೊಡಬೇಕು. ಅವತ್ತು ಸೂಜಿ ನಿಜಕ್ಕೂ ಓರೆಯಾಯಿತು, ಅವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು.

ವಾರ ಕಳೆದು ಡ್ರೈವರಣ್ಣನ ಹೆಂಡತಿ ಗಂಡನ ಹೊದಿಕೆ, ಚಪ್ಪಲಿ ಒಯ್ಯಲು ಬಂದರು. ಮುಖ ಇಳಿದುಹೋಗಿತ್ತು.

"ನಾನೇ ಕೊಂದೆ ಅಣ್ಣಾ. ಹಿಂದಿನ ಸಂಜೆ ಎರಡು ಲೋಟ ನೀರು ಕೊಟ್ಟೆ. ಡಾಕ್ಟ್ರು ಬೇಡ ಅಂದಿದ್ರು. ಈಗ ನಾನು ನೀರು ಕುಡಿಯೋಕೆ ಹೋದ್ರೆ ಗಂಟಲಲ್ಲಿ ಇಳಿಯಲ್ಲ."

"ಹಾಗೆಲ್ಲ ಅನ್ಕೋಬೇಡಿ ಅಮ್ಮಾ" ಎಂದೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಕೆಲಸ ಹೋಗುತ್ತದೆ ಎಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡದು, ಮಗಳಿಗೆ ತಿಳಿಯುತ್ತದೆ.

"ಒಂದೇ ಸಮಾಧಾನ," ಅವರು ಕಣ್ಣೊರೆಸಿಕೊಂಡರು, "ಆ ಹಾಡು ಕೇಳ್ತಾ ಹೋದ್ರಲ್ಲ. ಮನೇಲೂ ಅದನ್ನೇ ಗುನುಗ್ತಿದ್ರು. ಆ ಹುಡುಗಿ ಯಾರು ಅಂತ ಗೊತ್ತಾ? ಒಂದು ಮಾತು ಹೇಳ್ಬೇಕಿತ್ತು."

ನಂಬರು ಕೊಟ್ಟೆ. ನನ್ನ ಮಗಳು ಎಂದೂ ಹೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಮರುದಿನ ಮಧ್ಯಾಹ್ನ ಮಗಳ ಫೋನು ಬಂತು. ಅಳುತ್ತಲೂ ನಗುತ್ತಲೂ ಇದ್ದಳು. "ಅಪ್ಪಾ, ಅವರ ಹೆಂಡತಿ ಫೋನ್ ಮಾಡಿದ್ರು. 'ನಿನ್ನ ದನಿಯ ನೆರಳಲ್ಲಿ ಹೋದ್ರಮ್ಮ' ಅಂದ್ರು. ಜನ ಏನೇನೋ ಬರೀತಾರೆ ಅಪ್ಪಾ, ಇಂಥದ್ದನ್ನ ಯಾರೂ ಹೇಳಿರ್ಲಿಲ್ಲ. ಹಾಡಿನ ಕೆಳಗೆ ಇದನ್ನ ಹಾಕ್ತೀನಿ. ನೀನು ಆಸ್ಪತ್ರೇಲಿ ಹಾಕಿದ್ದಕ್ಕೇ ತಾನೇ ಇದೆಲ್ಲ!"

"ಹಾಕ್ಬೇಡ" ಎಂದೆ.

"ಯಾಕೆ?"

ಹೇಳಿದೆ. ಕಹಿ ಚೀಟಿಗಳಿಂದ ಹಿಡಿದು ಹನ್ನೊಂದು ನಿಮಿಷದವರೆಗೆ, ಒಂದನ್ನೂ ಬಿಡದೆ. ಅವಳು ಕೇಳಿದ್ದು ಒಂದೇ. "ನೀರು ಕೊಟ್ಟಿದ್ದಕ್ಕೇ ಸತ್ರು ಅಂತ ಆಯಮ್ಮ ನಂಬ್ಕೊಂಡಿದಾರೆ. ಅವರಿಗೆ ಹೇಳಿದ್ಯಾ?"

"ಇಲ್ಲ."

"ನನಗೆ ಹೇಳಿದ್ದೇನ್ ಬಂತು ಅಪ್ಪಾ? ಹೋಗಿ ಅವರಿಗೆ ಹೇಳು." ಫೋನು ಇಟ್ಟಳು. ಆಮೇಲೆ ನಾನು ಮಾಡಿದ ಫೋನನ್ನು ಅವಳು ಎತ್ತಿಲ್ಲ.

ಅಂದೇ ಸಂಜೆ ಹೋದೆ. ಎರಡನೇ ಮಹಡಿಯ ಒಂದೂವರೆ ಕೋಣೆಯ ಮನೆ. ಮೊಳೆಗೆ ಡ್ರೈವರಣ್ಣನ ಖಾಕಿ ಅಂಗಿ ಇನ್ನೂ ತೂಗುತ್ತಿತ್ತು. ಅವರು ಕುರ್ಚಿ ಹಾಕಿ, ಗಾಯಕಿಯ ಅಪ್ಪ ಬಂದರು ಎಂದು ಸೆರಗಿನಿಂದ ಅದನ್ನು ಒರೆಸಿದರು. ನಾನು ಕೂರಲಿಲ್ಲ.

ಎರಡು ಲೋಟ ನೀರೆಂದರೆ ಅರ್ಧ ಕೆಜಿಯೂ ಅಲ್ಲ, ಅದರಿಂದ ಯಾರೂ ಸಾಯುವುದಿಲ್ಲ ಎಂದೆ. ಯಂತ್ರ ಹನ್ನೊಂದು ನಿಮಿಷ ಕರೆದದ್ದು, ನಾನು ಕೇಳಿಸಿಕೊಂಡದ್ದು, ಹಾಡಿನ ಗಂಟೆಯೆಂದು ಬಗೆದು ತಿರುಗದೆ ಕೂತದ್ದು, ಮೊದಲೇ ಎಚ್ಚರಿಸಿದ ಚೀಟಿಯನ್ನು ಎಸೆದದ್ದು, ಎಲ್ಲ ಹೇಳಿದೆ. ದೂರು ಕೊಡಿ, ನಾನೇ ಸಾಕ್ಷಿ ಹೇಳುತ್ತೇನೆ ಎಂದೆ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಅದು ನಾನೇ. ಆದರೂ ಅವರ ತಲೆಯ ಮೇಲಿನ ಹೊರೆಯೊಂದನ್ನು ಇಳಿಸಿದೆ ಎಂದು ನನ್ನೊಳಗೆ ಸಣ್ಣ ನಂಬಿಕೆಯಿತ್ತು.

ಅವರು ನೆಲದ ಮೇಲೆ ಕೂತರು. "ಹಾಗಾದ್ರೆ ನಿದ್ದೇಲಿ ಹೋಗ್ಲಿಲ್ವಾ?"

"ಗೊತ್ತಿಲ್ಲ ಅಮ್ಮಾ. ನಾನು ನೋಡ್ಲಿಲ್ಲ."

"ತಿರುಗಿ ನೋಡಿದ್ದಿದ್ರೆ?"

"ಉಳೀತಿದ್ರು."

"ನಾನೇ ಕೊಂದೆ ಅನ್ಕೊಂಡು ಹೇಗೋ ಇದ್ದೆ," ಎಂದರು. ದನಿ ಏರಲಿಲ್ಲ. "ಬಾಯಾರಿದೆ ಅಂದೋರಿಗೆ ನೀರು ಕೊಟ್ಟೆ ಅನ್ನೋದಾದ್ರೂ ಇತ್ತು. ಹಾಡು ಕೇಳ್ತಾ ಹೋದ್ರು ಅನ್ನೋದಿತ್ತು. ಎರಡನ್ನೂ ತಗೊಂಡ್ರಿ."

ಅವರು ನನ್ನ ಜೇಬಿನಲ್ಲಿದ್ದ ಫೋನಿನ ಕಡೆ ಕೈ ತೋರಿಸಿದರು.

"ಆ ಹಾಡು ಹಾಕಿ."

"ಬೇಡ ಅಮ್ಮಾ."

"ಹಾಕಿ."

ಹಾಕಿದೆ. ಮಗಳ ದನಿ ಆ ಪುಟ್ಟ ಕೋಣೆಯಲ್ಲಿ ತುಂಬಿಕೊಂಡಿತು. ಅವರು ಕಣ್ಣು ಮುಚ್ಚಲಿಲ್ಲ, ಅಂಗಿಯನ್ನೂ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತರು. ಮೊದಲ ಸಲ ಗಂಟೆ ಬಡಿದಾಗ, "ಇದು ಹಾಡಾ, ಅವರಾ?" ಎಂದು ಕೇಳಿದರು.

"ಹಾಡು" ಎಂದೆ.

ಎರಡನೇ ಸಲವೂ ಕೇಳಿದರು, ಮೂರನೇ ಸಲವೂ ಕೇಳಿದರು. ಪ್ರತಿ ಸಲ ಉತ್ತರ ಕೊಟ್ಟೆ. ಏಳು ನಿಮಿಷ ಮುಗಿದು ಹಾಡು ನಿಂತಿತು. ಫೋನನ್ನು ಜೇಬಿಗೆ ಇಡಲು ಹೋದೆ.

"ಇಡ್ಬೇಡಿ," ಎಂದರು. "ಇನ್ನೂ ಹನ್ನೊಂದು ನಿಮಿಷ ಆಗಿಲ್ಲ."

ನಾನು ಮತ್ತೆ ಹಾಕಿದೆ.