ಎರಡಾಗಿ ಕೇಳುವ ಸ್ವರ

ಅಕ್ಕನ ಮಗುವಿನಿಂದ ಮಂಗನಬಾವು ಅಂಟಿದಾಗ ಹೆಟ್ಟಿ ಥ್ವೇಟ್‌ಗೆ ಇಪ್ಪತ್ತೊಂಬತ್ತು ವರ್ಷ. ಕೆನ್ನೆ ಊದಿ ಹತ್ತು ದಿನ ಮಲಗಿದಳು. "ಮಕ್ಕಳ ಕಾಯಿಲೇನ ಈ ವಯಸ್ಸಲ್ಲಿ ತರಿಸ್ಕೊಂಡ್ಯಲ್ಲೇ!" ಎಂದು ಅಮ್ಮ ಓಟ್ಸ್ ಗಂಜಿ ಕುಡಿಸುತ್ತ ನಕ್ಕಿದ್ದಳು. ಬಾವು ಇಳಿದ ದಿನ ಹೆಟ್ಟಿ ಪಿಟೀಲು ಎತ್ತಿಕೊಂಡು ಕಮಾನು ಎಳೆದಳು. ಒಂದೇ ತಂತಿಯಿಂದ ಎರಡು ಸ್ವರ ಬಂತು.

ತಂತಿ ಸವೆದಿರಬೇಕೆಂದು ನಾಲ್ಕನ್ನೂ ಬದಲಿಸಿದಳು. ಬಿರಡೆ ತಿರುಗಿಸಿ ತಿರುಗಿಸಿ ಬೆರಳು ಕೆಂಪಾಯಿತೇ ಹೊರತು ಶ್ರುತಿ ಕೂಡಲಿಲ್ಲ.

ಅದು 1971ರ ನವೆಂಬರ್. ಇಂಗ್ಲೆಂಡಿನ ಹಲ್ ಬಂದರಿನ ಹೆಟ್ಟಿಯ ವಾದ್ಯತಂಡಕ್ಕೆ 'ಕೋಲ್ಡ್ ಹ್ಯಾಡಕ್' ಎಂದು ಮೀನಿನ ಹೆಸರು. ಹೆಟ್ಟಿಯ ಅಜ್ಜ ಮೀನು ಹಡಗಿನಲ್ಲಿ ಹಾಡುತ್ತಿದ್ದ ಹಾಡುಗಳಿಗೆ ತಂಡದ ಯಜಮಾನ ಐವರ್ ಎಲೆಕ್ಟ್ರಿಕ್ ಗಿಟಾರ್ ಕೂಡಿಸಿದ್ದ. ಬಾರ್ಬಡೋಸ್ ದ್ವೀಪದಿಂದ ಚಿಕ್ಕಂದಿನಲ್ಲೇ ಬಂದ ಲೆನಾಕ್ಸ್ ಸ್ಯಾಕ್ಸೊಫೋನಿನಲ್ಲಿ ಜಾಸ್ ಬೆರೆಸಿದ್ದ. ಪ್ರತಿ ಹಾಡಿನ ನಡುವೆ ಉಳಿದವರು ಸುಮ್ಮನಾಗಿ ಪಿಟೀಲು, ಸ್ಯಾಕ್ಸೊಫೋನ್ ಎರಡೇ ಮಾತಿಗಿಳಿಯುವ ಒಂದು ಜಾಗವಿತ್ತು. ಬರೆದಿಟ್ಟದ್ದಲ್ಲ, ಆ ಕ್ಷಣ ಹುಟ್ಟಿದ್ದು. ಜನ ಬರುತ್ತಿದ್ದುದೇ ಅದಕ್ಕೆ. ಇನ್ನು ಮೂರು ವಾರಕ್ಕೆ ಲಂಡನ್ನಿನಲ್ಲಿ ಅವರ ಮೊದಲ ರೆಕಾರ್ಡ್.

ಪಬ್ಬಿನ ಮಹಡಿಯ ತಾಲೀಮಿನಲ್ಲಿ ಹೆಟ್ಟಿ ಕಮಾನು ತಡೆದಳು.

"ಲೆನಾಕ್ಸ್, ನಿಂದು ಶ್ರುತಿ ಬಿಟ್ಟಿದೆ ಕಣೋ."

"ಶ್ರುತಿ ಬಿಟ್ಟಿರೋದು ನಿನ್ನ ತಲೆ. ಮಲಗಿ ಮಲಗಿ ಮೆದುಳು ಮೆತ್ತಗಾಗಿದೆ."

"ತಮಾಷೆ ಬೇಡ. ಒಂದೇ ಸ್ವರ ಊದು."

ಅವನು ಊದಿದ. ಹೆಟ್ಟಿ ಒಂದು ಕಿವಿ ಮುಚ್ಚಿದಳು, ಆಮೇಲೆ ಇನ್ನೊಂದು. ಎಡಗಿವಿಯಲ್ಲಿ ಹಳೆಯ ಸ್ನೇಹಿತನ ಸ್ವರ. ಬಲಗಿವಿಯಲ್ಲಿ ಅದೇ ಸ್ವರ ಕೊಂಚ ಮೇಲೆ, ತಗಡು ಗೀರಿದ ಹಾಗೆ. ಅವಳು ಮೆಲ್ಲಗೆ ಕುರ್ಚಿಯಲ್ಲಿ ಕುಳಿತಳು.

"ಏನಾಯ್ತೇ?" ಎಂದ ಐವರ್.

"ನಿಮ್ದೇನೂ ತಪ್ಪಿಲ್ಲ," ಎಂದಳು.

ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. "ಮಾತು ಕೇಳಿಸುತ್ತಲ್ಲ?"

"ಕೇಳಿಸುತ್ತೆ."

"ಹಾಗಿದ್ರೆ ಪುಣ್ಯವಂತೆ. ಮಂಗನಬಾವು ಬಂದ ಕೆಲವರಿಗೆ ಕಿವೀನೇ ಹೋಗ್ಬಿಡುತ್ತೆ."

"ಇದು ಸರಿಹೋಗುತ್ತಾ ಡಾಕ್ಟ್ರೇ?"

"ಒಳಗಿನ ನರ ಕೆಟ್ಟಿದೆ ಕಣಮ್ಮ. ಅದಕ್ಕೆ ನಮ್ಮ ಹತ್ರ ಮದ್ದಿಲ್ಲ."

ಅವಳು ಬಲಗಿವಿಗೆ ಮೇಣ ತುಂಬಿ, ಮೇಲೆ ಹತ್ತಿ ಒತ್ತಿ ಲಂಡನ್ನಿಗೆ ಹೋದಳು. ಆದರೆ ಪಿಟೀಲು ಕೂರುವುದು ದವಡೆಯ ಕೆಳಗೆ. ನಾದ ಮೂಳೆ ಹತ್ತಿಕೊಂಡು, ಮೇಣ ಹಾಕಿದ ಬಾಗಿಲನ್ನು ಬಿಟ್ಟು ಹಿತ್ತಿಲಿನಿಂದ ಕೆಟ್ಟ ಕಿವಿಗೆ ನುಗ್ಗುತ್ತಿತ್ತು. ಅಜ್ಜನ ಹಾಡುಗಳನ್ನು ಬೆರಳು ತಾನಾಗಿ ಬಲ್ಲದು. ಅಲ್ಲಿಯವರೆಗೆ ಹೇಗೋ ಸಾಗಿತು. ನಡುವಿನ ಜಾಗ ಬಂದಾಗ ಲೆನಾಕ್ಸ್ ಒಂದು ಪ್ರಶ್ನೆ ಊದಿ ಕಾದ. ಹೆಟ್ಟಿ ಕಮಾನು ಎತ್ತಿ ಹಾಗೇ ನಿಂತಳು. ಕಿವಿಗೆ ಬಿದ್ದ ಎರಡು ಸ್ವರಗಳಲ್ಲಿ ಅವನು ಊದಿದ್ದು ಯಾವುದು? ಮೂರು ದಿನ ಹೀಗೇ ಆಯಿತು.

ಕೊನೆಗೆ ಐವರ್ ನೆಲ ನೋಡುತ್ತ ಹೇಳಿದ: "ಹೆಟ್ಟಿ, ಆ ಜಾಗ ಬಿಟ್ಬಿಡು. ಲೆನಾಕ್ಸ್ ಒಬ್ನೇ ಊದ್ಲಿ."

"ಒಬ್ನೇ ಯಾರ ಜೊತೆ ಮಾತಾಡ್ಲಿ? ಗೋಡೆ ಜೊತೆನಾ?" ಲೆನಾಕ್ಸ್ ರೇಗಿದ.

"ಊದೋ," ಎಂದಳು ಹೆಟ್ಟಿ. "ಗೋಡೆನಾದ್ರೂ ನಿನ್ನ ಸ್ವರಾನ ಇದ್ದ ಹಾಗೆ ಕೇಳಿಸ್ಕೊಳ್ಳುತ್ತೆ."

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಲೆನಾಕ್ಸ್ ಅವಳ ಮನೆಗೆ ಬಂದ. ಕೋಟು ಬಿಚ್ಚುವ ಮೊದಲೇ ಪೆಟ್ಟಿಗೆ ತೆರೆದ. "ಎರಡು ಕೇಳಿದ್ರೆ ಏನೀಗ? ಎರಡನ್ನೂ ನುಡಿಸು. ಜಾಸ್‌ನಲ್ಲಿ ಒಡಕಿಗೂ ಜಾಗ ಇದೆ ಕಣೇ."

ಅವನು ತೀರ ಮೆಲ್ಲಗೆ, ಮಗುವಿಗೆ ನಡೆಯಲು ಕಲಿಸುವವನಂತೆ ಊದಿದ. ಅವಳು ಒಂದು ಗಂಟೆ ಹೆಣಗಿದಳು. ಆಮೇಲೆ ಪಿಟೀಲನ್ನು ಮಡಿಲಿಗೆ ಇಳಿಸಿಕೊಂಡಳು.

"ಸಾಕು ಲೆನಾಕ್ಸ್. ನೀನು ಜೀವ ತೇದು ಊದ್ತಿದೀಯ, ನನಗೆ ಎರಡು ಬೆಕ್ಕು ಕಾದಾಡೋದು ಕೇಳಿಸ್ತಿದೆ. ಇನ್ನೊಂಚೂರು ಹೊತ್ತು ಊದಿದ್ರೆ ನಿನ್ನ ಮೇಲೇ ಹೇಸಿಗೆ ಬರುತ್ತೆ ಕಣೋ. ಹೋಗು."

ಅವನು ಪೆಟ್ಟಿಗೆ ಮುಚ್ಚಿ, ಅವಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ಹೊರಟ. ವಸಂತ ಬರುವ ಹೊತ್ತಿಗೆ ಲೀಡ್ಸ್‌ನ ಒಬ್ಬಾತ ಅವಳ ಜಾಗದಲ್ಲಿ ನುಡಿಸುತ್ತಿದ್ದ. ರೆಕಾರ್ಡ್ ಚೆನ್ನಾಗಿದೆ ಎಂದು ಜನ ಹೇಳಿದರು. ಅವಳು ಕೇಳಲಿಲ್ಲ.

ಹೆಟ್ಟಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಸೇರಿದಳು. ಯಂತ್ರಗಳ ಗದ್ದಲಕ್ಕೆ ಶ್ರುತಿಯಿಲ್ಲ; ಎರಡಾಗಿ ಕೇಳಿದರೂ ನಷ್ಟವಿಲ್ಲ. ಸಹಿಸಲಾಗದ್ದು ಮನೆ. ಅಮ್ಮ ಆಲೂಗಡ್ಡೆ ಸುಲಿಯುವಾಗ ಅಜ್ಜನ ಹಾಡುಗಳನ್ನು ಗುನುಗುತ್ತಿದ್ದಳು. ಹೆಟ್ಟಿ ಎಷ್ಟೋ ತಿಂಗಳು ಹಲ್ಲು ಕಚ್ಚಿಕೊಂಡಿದ್ದಳು. ಒಂದು ಶನಿವಾರ ಬಾಯಿ ಬಿಟ್ಟೇಬಿಟ್ಟಳು.

"ಅಮ್ಮಾ, ಹಾಡಬೇಡ."

"ನಾನೆಲ್ಲೇ ಹಾಡ್ದೆ?"

"ಗುನುಗ್ತಿದ್ದೆ."

ಅಮ್ಮನ ಚಾಕು ನಿಂತಿತು. "ಅಯ್ಯೋ, ಗೊತ್ತೇ ಆಗ್ಲಿಲ್ಲ ಮಗಳೇ. ನಮ್ಮಪ್ಪ ಅಂಟಿಸಿಹೋದ ಚಟ. ನಂದೂ ಹಾಗೇ ಕೇಳಿಸುತ್ತಾ ನಿಂಗೆ?"

ಹೆಟ್ಟಿ ಸಿಪ್ಪೆಗಳನ್ನು ಬಾಚಿಕೊಂಡು ಹಿತ್ತಿಲಿಗೆ ಹೋದಳು.

ಮರುದಿನದಿಂದ ಅಮ್ಮ ಅಡುಗೆಮನೆಗೆ ಕಾಲಿಡುವ ಮೊದಲು ಒಂದು ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಳ್ಳತೊಡಗಿದಳು. ಬಾಯಲ್ಲಿ ಏನಾದರೂ ಇದ್ದರೆ ರಾಗ ಮರೆತುಹೋಗುತ್ತದೆಂದು ಅವಳ ಲೆಕ್ಕಾಚಾರ. ಒಂದು ಕರಗಿದರೆ ಇನ್ನೊಂದು. ಎದುರು ಕುಳಿತು ಬಟಾಣಿ ಬಿಡಿಸುವ ಹೆಟ್ಟಿಗೆ ಅದು ಹಲ್ಲಿಗೆ ತಾಕುವ ಸದ್ದು ಕೇಳುತ್ತಿತ್ತು. ಪರವಾಗಿಲ್ಲ, ಹಾಡಮ್ಮ ಎನ್ನಲು ಅವಳಿಗೆ ದಿನವೂ ಮನಸ್ಸಾಗುತ್ತಿತ್ತು. ಎನ್ನಲಿಲ್ಲ.